ಎತ್ತಿದ ಬೆರಳು

ಜನವರಿ 9

ಡಾಕ್ಟರಮ್ಮನವರಿಗೆ ನಮಸ್ಕಾರ.

ಈ ಕಾಗದ ಬರೆಯಬೇಡ ಎಂದು ನಮ್ಮ ಕಾಂಪೌಂಡರ್ ಮಾವ ಹೇಳಿದರು. ಆದರೂ ಬರೆಯುತ್ತಿದ್ದೇನೆ. ನೀವು ವಿಡಿಯೋದಲ್ಲಿ ಮಾಡುವ ಪಾಠದ ಹೊತ್ತಿನಲ್ಲೇ ಹೇಳೋಣವೆಂದರೆ ಆ ಫೋನಿನ ಮುಂದೆ ಕ್ಲಿನಿಕ್ಕಿಗೆ ಬಂದವರೆಲ್ಲ ನಿಂತಿರುತ್ತಾರೆ. ಅಲ್ಲದೆ, "ಲೈನು ಇರೋದು ರೋಗಿಗಳಿಗೆ ಮತ್ತು ಪಾಠಕ್ಕೆ. ಮಿಕ್ಕ ಮಾತೆಲ್ಲ ಔಷಧಿ ಪೆಟ್ಟಿಗೇಲಿ ಬರಲಿ" ಎಂದು ಮೊದಲ ದಿನ ನೀವೇ ಹೇಳಿದ್ದೀರಿ. ಹಾಗಾಗಿ ನಿಮ್ಮಲ್ಲಿಗೆ ವಾಪಸ್ ಹೋಗುವ ಖಾಲಿ ಪೆಟ್ಟಿಗೆಯಲ್ಲಿ ಇದನ್ನು ಇಟ್ಟಿದ್ದೇನೆ.

ವಿಷಯ ಇಷ್ಟೆ. ಹೋದ ಶುಕ್ರವಾರ ಪಾಠದ ನಡುವೆ ನಿಮ್ಮ ಚಿತ್ರ ನಿಂತುಹೋಗಿತ್ತು.

ನೀವು ಕೇಳುತ್ತಿದ್ದಿರಿ: "ಮಗು ಹುಟ್ಟಿದೆ, ಉಸಿರಾಡ್ತಿಲ್ಲ. ಗಾಳಿ ಊದೋ ಅಂಬು ಬ್ಯಾಗಿನ ಮಾಸ್ಕನ್ನ ಮುಖಕ್ಕಿಟ್ಟು ಬ್ಯಾಗ್ ಒತ್ತಿದಿರಿ. ಗಾಳಿ ಒಳಗೆ ಹೋದರೆ ಎದೆ ಏಳಬೇಕು. ಏಳಲಿಲ್ಲ. ಈಗ ಏನ್ಮಾಡ್ತೀರಿ?" ಎಂದು ಬೆರಳೆತ್ತಿದಿರಿ. ಎತ್ತಿದ ಬೆರಳು ಎತ್ತಿದ ಹಾಗೇ ಉಳಿಯಿತು. ಕಣ್ಣು ನಮ್ಮನ್ನೇ ನೋಡುತ್ತಿತ್ತು.

ಈ ಕ್ಲಿನಿಕ್ಕಿಗೆ ನಾನೊಬ್ಬಳೇ ನರ್ಸು. ನಾನು, ಕಾಂಪೌಂಡರ್ ಮಾವ, ಮನೆಮನೆಗೆ ಹೋಗುವ ಇಬ್ಬರು ಆರೋಗ್ಯ ಕಾರ್ಯಕರ್ತೆಯರು, ನಾಲ್ವರೂ ಕೈಕಟ್ಟಿಕೊಂಡು ಕೂತೆವು. ನೀವು ಉತ್ತರಕ್ಕೆ ಕಾಯುತ್ತಿದ್ದೀರಿ, ಸಿಟ್ಟೂ ಬಂದಿದೆ ಎಂದುಕೊಂಡೆವು. ದೊಡ್ಡ ಡಾಕ್ಟರು ಕಣ್ಣು ಮಿಟುಕಿಸದೆ ನೋಡುವಾಗ "ಸ್ಟಕ್ ಆಗಿದ್ದೀರಾ?" ಎಂದು ಕೇಳುವ ಧೈರ್ಯ ಯಾರಿಗಿದೆ? ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಆಮೇಲೆ ಕಾಂಪೌಂಡರ್ ಮಾವ ಪಿಸುಗುಟ್ಟಿದರು: "ಅಮ್ಮನ ಹಿಂದಿನ ಫ್ಯಾನ್ ನೋಡು, ರೆಕ್ಕೆ ಮೂರೂ ಎಣಿಸಬಹುದು. ಪಾಪ, ಅವರ ಮನೇಲಿ ಕರೆಂಟ್ ಹೋಗಿದೆ. ಸೆಕೇಲಿ ಕೂತು ನಮಗಾಗಿ ಕಾಯ್ತಿದ್ದಾರೆ. ಬೇಗ ಏನಾದ್ರೂ ಹೇಳ್ರಮ್ಮ!"

ಎಲ್ಲರೂ ಮೇಜಿನ ಮೇಲಿದ್ದ ಪಾಠದ ಗೊಂಬೆಯ ಮೇಲೆ ಬಿದ್ದೆವು. ಮಾಸ್ಕ್ ಸರಿಯಾಗಿ ಕೂತಿಲ್ಲ ಎಂದರು ಒಬ್ಬರು. ಇನ್ನೂ ಜೋರಾಗಿ ಒತ್ತಬೇಕು ಎಂದರು ಮಾವ. ಕುತ್ತಿಗೆ ಮುಂದಕ್ಕೆ ಬಾಗಿದೆಯಲ್ಲ, ಗಾಳಿ ಹೋಗುವ ದಾರಿಯೇ ಮಡಚಿದೆ ಎಂದು ನನಗೆ ಕಂಡಿತು. ಗೊಂಬೆಯ ಹೆಗಲ ಕೆಳಗೆ ಟವೆಲ್ ಮಡಿಸಿಟ್ಟು, ಮಾಸ್ಕ್ ಮತ್ತೆ ಕೂರಿಸಿ ಒತ್ತಿದರೆ ಎದೆ ಎದ್ದಿತು. ಚಪ್ಪಾಳೆ ತಟ್ಟಿ ನಿಮ್ಮ ಕಡೆ ನೋಡಿದೆವು. ಬೆರಳು ಇಳಿದಿರಲಿಲ್ಲ. "ಇಷ್ಟಾದ್ರೂ ಒಂದು ನಗು ಇಲ್ವಲ್ಲ" ಎಂದು ಮಾವ ಬಹಳ ನೊಂದುಕೊಂಡರು. ಪರದೆ ಪೂರ್ತಿ ಕಪ್ಪಾದಾಗಲೇ ನಮಗೆ ಅರ್ಥವಾದದ್ದು.

ಉತ್ತರ ಸಿಕ್ಕಿತ್ತು ಎಂದು ನಿಮಗೆ ತಿಳಿಯಲಿ ಅಂತ ಬರೆದೆ. ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ ಶುಕ್ರವಾರದ ಕ್ಲಾಸಿನ
ಸಿಸ್ಟರ್


ಫೆಬ್ರವರಿ 2

ಸಿಸ್ಟರ್ ಅವರಿಗೆ,

ನಿಮ್ಮ ಕಾಗದ ಪೆಟ್ಟಿಗೆಯ ತಳದಲ್ಲಿ ಸಿಕ್ಕಿತು. ಓದಿ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಏನೋ ಆಯಿತೆಂದು ನಮ್ಮ ಯಜಮಾನರು ಓಡಿ ಬಂದರು. ಅವರಿಗೂ ಓದಿ ಹೇಳಿದೆ. ಹೇಳಬಾರದಿತ್ತು. "ಮಾತು ಬೆಳ್ಳಿ, ಮೌನ ಬಂಗಾರ ಅಂತ ಮದುವೆಯಾದಾಗಿಂದ ಹೇಳ್ತಿದ್ದೀನಿ. ಇವಳು ಬಾಯಿ ಮುಚ್ಚಿದ ಒಂದೇ ಒಂದು ದಿನ ಆ ಮಕ್ಕಳು ಪಾಠ ಕಲಿತರು ನೋಡಿ" ಎಂದು ಈಗ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಾರೆ.

ನನ್ನ ಕಡೆಯ ಕಥೆ ಕೇಳಿ. ನನ್ನ ಪರದೆಯಲ್ಲಿ ನಿಂತುಹೋಗಿದ್ದು ನೀವು! ನಾಲ್ವರೂ ಕೈಕಟ್ಟಿ, ಕಣ್ಣರಳಿಸಿ ಕೂತಿದ್ದಿರಿ. ಪ್ರಶ್ನೆಗೆ ನಾನೇ ಉತ್ತರ ಹೇಳಿ, ಅದರ ಮೇಲೆ ಇನ್ನರ್ಧ ಗಂಟೆ ಕೊರೆದೆ. ಮಕ್ಕಳ ಆಸ್ಪತ್ರೆಯಲ್ಲಿ ಇಷ್ಟು ವರ್ಷ ಪಾಠ ಹೇಳಿದವಳು, ಒಬ್ಬರೂ ಆಕಳಿಸದ ಕ್ಲಾಸನ್ನು ಕಂಡೇ ಇರಲಿಲ್ಲ. "ಕಲಿಯೋ ಹಸಿವು ಅಂದ್ರೆ ಇದು" ಎಂದು ಯಜಮಾನರನ್ನು ಕರೆದು ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, "ಆ ಕಾಂಪೌಂಡರ್ ಮೂಗಿನ ಮೇಲೆ ನೊಣ ಕೂತಿದೆ. ಅದೂ ಅಲ್ಲಾಡದೆ ಪಾಠ ಕೇಳ್ತಿದೆ" ಎಂದರು. ನನಗೆ ಆಗಲೂ ಹೊಳೆಯಲಿಲ್ಲ.

ನಗು ಹಾಗಿರಲಿ. ನಿಮ್ಮನ್ನು ಒಂದು ಮಾತು ಕೇಳಬೇಕು, ಕ್ಲಾಸಿನಲ್ಲಿ ಎಲ್ಲರೆದುರು ಕೇಳುವುದಿಲ್ಲ. ನಿವೃತ್ತಿಯಾದ ಮೇಲೆ ನಿಮ್ಮಂಥ ದೂರದ ಕ್ಲಿನಿಕ್ಕುಗಳಿಗೆ ಹೋಗಿ ಕೆಲಸ ಮಾಡಬೇಕೆಂಬ ಆಸೆಯಿತ್ತು. ನನ್ನ ಮಂಡಿ ಒಪ್ಪಲಿಲ್ಲ. ಹಾಗಾಗಿ ಈ ಪರದೆ. ಇದರಲ್ಲಿ ಮಗುವಿನ ಮೈಮೇಲಿನ ಗುಳ್ಳೆ ನೋಡಬಲ್ಲೆ, ಕಾಂಪೌಂಡರ್ ಫೋನನ್ನು ಬೆನ್ನಿಗೆ ಹಿಡಿದರೆ ಮುದುಕರ ಕೆಮ್ಮು ಕೇಳಬಲ್ಲೆ. ಕೈ ಮಾತ್ರ ಚಾಚಲಾರೆ. ಅಲ್ಲಿ ಕೈ ನಿಮ್ಮದೇ ಆಗಬೇಕು.

ನೀವು ಚುಚ್ಚುಮದ್ದು ಹಾಕುವುದು ನೋಡಿದ್ದೇನೆ, ಗಾಯ ಕಟ್ಟುವುದು ನೋಡಿದ್ದೇನೆ. ಕೈ ಬಂಗಾರ. ಆದರೆ ಅಂಬು ಬ್ಯಾಗ್ ಹಿಡಿಯುವ ಸರದಿ ಬಂದಾಗ "ಮೊದಲು ನೀವು ಮಾಡಿ" ಎಂದು ಪಕ್ಕದವರಿಗೆ ದಾಟಿಸುತ್ತೀರಿ. ಬೇರೆ ದಾರಿ ಇಲ್ಲದೆ ಹಿಡಿದರೆ, ಒಂದೊಂದು ಸಲ ಒತ್ತಿದಾಗಲೂ ನನ್ನ ಮುಖ ನೋಡುತ್ತೀರಿ. ಏಕೆ?

ಮುಚ್ಚುಮರೆಯಿಲ್ಲದೆ ಬರೆಯಿರಿ. ಪೆಟ್ಟಿಗೆಯ ಮಾತು ಪೆಟ್ಟಿಗೆಯಲ್ಲೇ ಇರುತ್ತದೆ.

ಅರ್ಧ ಗಂಟೆ ಗೋಡೆಗೆ ಪಾಠ ಹೇಳಿದ
ಡಾಕ್ಟರಮ್ಮ


ಫೆಬ್ರವರಿ 20

ಡಾಕ್ಟರಮ್ಮನವರಿಗೆ,

ಮೊದಲು ಒಂದು ಬೇಡಿಕೆ. ನನ್ನನ್ನು ನೀವು, ತಾವು ಎನ್ನಬೇಡಿ. ನಿಮ್ಮ ಮಗಳ ವಯಸ್ಸಿನವಳು ನಾನು.

ಕೇಳಿದ್ದಕ್ಕೆ ಹೇಳುತ್ತೇನೆ. ಟ್ರೈನಿಂಗಿನಲ್ಲಿದ್ದಾಗ ಒಂದು ಮಗು ಅಳದೆ ಹುಟ್ಟಿತು. ಬ್ಯಾಗ್ ನನ್ನ ಕೈಯಲ್ಲಿತ್ತು. ಒತ್ತಬೇಕೋ ಬೇಡವೋ ಎಂದು ಹಿರಿಯ ಸಿಸ್ಟರ್ ಮುಖ ನೋಡುತ್ತಾ ನಿಂತುಬಿಟ್ಟೆ. ಅವರು ಬ್ಯಾಗ್ ಕಿತ್ತುಕೊಂಡು ತಾವೇ ಒತ್ತಿದರು. ಮಗು ಅತ್ತಿತು, ಎಲ್ಲ ಸರಿಹೋಯಿತು, ಯಾರೂ ನನ್ನನ್ನು ಬೈಯಲಿಲ್ಲ. ಆದರೆ ಅಂದಿನಿಂದ ಅದನ್ನು ಹಿಡಿದರೆ ಕೈ ಕಲ್ಲಾಗುತ್ತದೆ. ಯಾರಾದರೂ "ಹೂಂ" ಎನ್ನಬೇಕು, ಆಗಲೇ ಬೆರಳು ಅಲ್ಲಾಡುತ್ತದೆ.

ಈಗ ತಲೆನೋವು ಶುರುವಾಗಿದೆ. ಇಲ್ಲಿ ಹೆರಿಗೆ ಕೋಣೆ ತೆರೆಯಲು ಆರೋಗ್ಯಾಧಿಕಾರಿಗಳು ಒಪ್ಪಿದ್ದಾರೆ. ನಾನು ನಿಮ್ಮ ಮುಂದೆ ಬ್ಯಾಗ್ ಒತ್ತುವ ಪರೀಕ್ಷೆ ಪಾಸಾಗಬೇಕು, ಅದೊಂದೇ ಷರತ್ತು. ಈವರೆಗೆ ಎಲ್ಲ ಬಸುರಿಯರನ್ನೂ ಪಟ್ಟಣಕ್ಕೆ ಕಳಿಸುತ್ತಿದ್ದೆವು. ದಾರಿ ಎಷ್ಟು ಕೆಟ್ಟದ್ದೆಂದರೆ ಕೆಲವರು ವ್ಯಾನಿನಲ್ಲೇ ಹೆರುತ್ತಾರೆ.

ಮೊದಲ ಹೆರಿಗೆಗೆ ಹೆಸರು ಕೊಟ್ಟವಳು ಯಾರು ಗೊತ್ತೆ? ನನ್ನ ನಾದಿನಿ. ನಮ್ಮ ಹಿಂದಿನ ಬೀದಿಯಲ್ಲೇ ಗಂಡ, ಮಗನ ಜೊತೆ ಇದ್ದಾಳೆ. ಮನೆಯಲ್ಲಿ ಅವಳನ್ನು ಪಟಾಕಿ ಎನ್ನುತ್ತೇವೆ, ಯಾಕೆಂದು ಅವಳು ಬಾಯಿ ಬಿಟ್ಟರೆ ತಿಳಿಯುತ್ತದೆ. ಈಗ ನಾಲ್ಕು ತಿಂಗಳು. ಮೊನ್ನೆ ಊಟಕ್ಕೆ ಕೂತಾಗ, "ಅತ್ತಿಗೆ ಕೈಯಲ್ಲೇ ಹೆರ್ತೀನಿ. ಮಗು ನೋಡೋ ಮೊದಲ ಮುಖ ಅತ್ತಿಗೇದು. ಪಾಪ, ಹೆದರಿಕೊಳ್ಳದೆ ಇದ್ರೆ ಸಾಕು" ಎಂದಳು. ಎಲ್ಲರೂ ನಕ್ಕರು. ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಬೇರೆಯವರ ಮಗುವಾದರೇ ಕೈ ಏಳುವುದಿಲ್ಲ. ಇದು ನಮ್ಮ ಮನೆಯ ಮಗು. ಏನು ಮಾಡಲಿ?

ಸಿಸ್ಟರ್


ಮಾರ್ಚ್ 14

ಪ್ರಿಯ ಸಿಸ್ಟರ್,

ನೀನು ಎಂದೇ ಶುರುಮಾಡಿದ್ದೇನೆ. ಬೈಯುವುದಕ್ಕೂ ಅದೇ ಅನುಕೂಲ.

ಹೆದರಿಕೆ ಇರುವುದು ತಪ್ಪಲ್ಲ. ಹೆದರಿಕೆಯಿಲ್ಲದೆ ಆ ಬ್ಯಾಗ್ ಹಿಡಿಯುವವರನ್ನು ಕಂಡರೆ ನನಗೇ ಹೆದರಿಕೆ. ಆದರೆ ನನ್ನ ಮುಖದಲ್ಲಿ ಏನನ್ನು ಹುಡುಕುತ್ತೀಯೆ? ಈ ಮುಖ ನೋಡಿ ನಮ್ಮ ಯಜಮಾನರಿಗೇ ಇಷ್ಟು ವರ್ಷದಲ್ಲಿ ಏನೂ ಗೊತ್ತಾಗಿಲ್ಲ. ಕೋಪ ಬಂದಿದೆ ಎಂದು ಅವರು ತಿಳಿದಾಗ ನನಗೆ ಹಸಿವಾಗಿರುತ್ತದೆ. ಗಾಳಿ ಒಳಗೆ ಹೋಯಿತೋ ಇಲ್ಲವೋ ಎಂದು ಹೇಳುವುದು ಮಗುವಿನ ಎದೆ. ಎದೆ ಎದ್ದರೆ ಅದೇ "ಹೂಂ". ಎದೆ ನೋಡು, ನನ್ನ ಮುಖ ನೋಡಬೇಡ.

ನೀರಿಗಿಳಿಯದೆ ಈಜು ಬರುವುದಿಲ್ಲ. ಪಾಠದ ಗೊಂಬೆಯನ್ನು ಮನೆಗೆ ತೆಗೆದುಕೊಂಡು ಹೋಗು. ಸಾರು ಕುದಿಯುವಾಗ ಒತ್ತು, ಬಟ್ಟೆ ಒಣಗಿಸಿ ಬಂದು ಒತ್ತು, ಯಾರೊಡನೆಯೋ ಜಗಳವಾಡುತ್ತಾ ಒತ್ತು. ಬೇಕೆಂದೇ ಕುತ್ತಿಗೆ ಬಾಗಿಸಿ, ಮಾಸ್ಕ್ ಓರೆ ಮಾಡಿ, ತಪ್ಪು ಹುಡುಕು. ಕೈಗೆ ಅಭ್ಯಾಸವಾದರೆ ತಲೆಯನ್ನು ಕೇಳಲು ಅದು ಕಾಯುವುದಿಲ್ಲ.

ನಾನೂ ಇಲ್ಲಿ ಕಷ್ಟದಲ್ಲಿದ್ದೇನೆ. ನಿಮಗೆ ತೋರಿಸಲು ಮೊಮ್ಮಗಳ ಗೊಂಬೆ ಕಡ ತಂದಿದ್ದೆನಲ್ಲ, ಹೊಟ್ಟೆ ಒತ್ತಿದರೆ ಹಾಡುವ ಗೊಂಬೆ, ಅದನ್ನು ಅವಳು ವಾಪಸ್ ಕೇಳುತ್ತಿದ್ದಾಳೆ. "ಅಜ್ಜಿ, ನೀನು ಅದನ್ನ ದಿನಾ ಸಾಯಿಸಿ ಬದುಕಿಸ್ತೀಯಂತೆ, ತಾತ ಹೇಳಿದ್ರು" ಎಂದು ಅಳುತ್ತಾ ಫೋನ್ ಮಾಡಿದಳು. ತಾತನಿಗೆ ಆ ದಿನ ಟೀ ಸಿಗಲಿಲ್ಲ.

ಡಾಕ್ಟರಮ್ಮ


ಏಪ್ರಿಲ್ 20

ಡಾಕ್ಟರಮ್ಮನವರಿಗೆ,

ಹೋದ ಪೆಟ್ಟಿಗೆಯಲ್ಲಿ ಕಾಗದ ಹಾಕಲಿಲ್ಲ. ಬರೆದಿದ್ದೆ, ಹರಿದು ಹಾಕಿದೆ. ಅದರಲ್ಲಿ "ನನ್ನಿಂದಾಗದು" ಎಂಬ ಒಂದೇ ಮಾತು ಬೇರೆ ಬೇರೆ ಥರ ಇತ್ತು.

ಗೊಂಬೆ ಈಗ ನಮ್ಮ ಮನೆಯವಳೇ ಆಗಿದ್ದಾಳೆ. ನಮ್ಮ ಮನೆಯವರು ಬಡಗಿ. ಅಡುಗೆಮನೆಯಲ್ಲಿ ನನ್ನ ಸೊಂಟದ ಎತ್ತರಕ್ಕೆ ಸರಿಯಾಗಿ ಒಂದು ಹಲಗೆ ಹೊಡೆದುಕೊಟ್ಟಿದ್ದಾರೆ, ಅದರ ಮೇಲೆ ಮಲಗಿರುತ್ತಾಳೆ. ಕೆಲಸ ಮುಗಿಸಿ ಬಂದವರು ಮೊದಲು ಕೇಳುವುದೇ, "ಪಾಪು ಉಸಿರಾಡ್ತಿದೆಯಾ? ಊಟ ಇದೆಯಾ?" ಒಂದು ದಿನ ಸಾರು ಸೀದುಹೋಯಿತು. "ಪರವಾಗಿಲ್ಲ, ಪಾಪು ಉಳೀತಲ್ಲ" ಎಂದು ಸುಮ್ಮನೆ ಉಂಡರು.

ಮನೆಯಲ್ಲಿ ಕೈ ಸರಾಗವಾಗಿ ಓಡುತ್ತದೆ. ಶುಕ್ರವಾರ ನಿಮ್ಮ ಮುಂದೆ ನಿಂತರೆ ಮತ್ತೆ ಅದೇ ರಾಗ, ಕಣ್ಣು ತಾನಾಗಿ ನಿಮ್ಮ ಕಡೆ ತಿರುಗುತ್ತದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನಗೆ ನೆಲವೂ ನೇರವಾಗಿದೆ, ಹೇಳಲು ನೆಪವೂ ಇಲ್ಲ. ಪರೀಕ್ಷೆಯೇನೋ ಪಾಸು ಮಾಡಿಸಿದಿರಿ. ಆದರೆ ಪ್ರತಿ ಸಲ ಒತ್ತಿದಾಗಲೂ ನೀವು "ಹೂಂ" ಎಂದು ತಲೆ ಅಲ್ಲಾಡಿಸುತ್ತಿದ್ದುದು ನನಗೂ ಗೊತ್ತು, ನಿಮಗೂ ಗೊತ್ತು.

ಅದಕ್ಕೇ ಪಟಾಕಿಯನ್ನು ಪಟ್ಟಣಕ್ಕೆ ಕಳಿಸುವುದೆಂದು ತೀರ್ಮಾನಿಸಿದ್ದೇನೆ. ಅವಳು ನನ್ನೊಡನೆ ಮಾತು ಬಿಟ್ಟಿದ್ದಾಳೆ. ಅವಳು ಮಾತು ಬಿಟ್ಟ ಮನೆ ಹೇಗಿರುತ್ತದೆಂದು ನಿಮಗೆ ಗೊತ್ತಿಲ್ಲ. ಗಡಿಯಾರದ ಸದ್ದೆಲ್ಲ ಕೇಳಿಸುತ್ತದೆ.

ಸಿಸ್ಟರ್


ಏಪ್ರಿಲ್ 20, ಅದೇ ಪೆಟ್ಟಿಗೆ

ಡಾಕ್ಟರಮ್ಮ,

ನಾನು ಪಟಾಕಿ. ಅತ್ತಿಗೆಗೆ ಗೊತ್ತಿಲ್ಲದ ಹಾಗೆ ಕಾಂಪೌಂಡರ್ ಮಾವನ ಕೈಯಲ್ಲಿ ಈ ಚೀಟಿ ಪೆಟ್ಟಿಗೆ ಸೇರಿಸುತ್ತಿದ್ದೇನೆ. ಮಾವನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ, ಆದ್ದರಿಂದ ಬೇಗ ಬರೆಯುತ್ತೇನೆ.

ನನ್ನ ಮೊದಲ ಮಗ ಪಟ್ಟಣದಲ್ಲಿ ಹುಟ್ಟಿದ. ಅಲ್ಲಿಯವರು ಒಳ್ಳೆಯವರೇ, ಚೆನ್ನಾಗಿಯೇ ನೋಡಿಕೊಂಡರು. ಆದರೆ ನನ್ನ ಹೆಸರು ಯಾರಿಗೂ ಬೇಕಿರಲಿಲ್ಲ. ಏಳನೇ ಬೆಡ್ಡು ಎನ್ನುತ್ತಿದ್ದರು. ನೋವು ಬಂದಾಗ ಏಳನೇ ಬೆಡ್ಡು ಕೂಗಿತು, ಹೆತ್ತಾಗ ಏಳನೇ ಬೆಡ್ಡಿಗೆ ಗಂಡು. ಕೈ ಹಿಡಿದುಕೊಳ್ಳಲು ಮಂಚದ ಕಂಬಿ ಬಿಟ್ಟರೆ ಏನೂ ಇರಲಿಲ್ಲ.

ನಮ್ಮತ್ತಿಗೆ ಹೆದರುಪುಕ್ಕಲಿ, ಸರಿ. ಆದರೆ ನನ್ನ ಮಗನಿಗೆ ಜ್ವರ ಏರಿ ಕಣ್ಣು ತೇಲಿಸಿದಾಗ ನಾವೆಲ್ಲ ಅಳುತ್ತಾ ನಿಂತಿದ್ದೆವು, ಎತ್ತಿಕೊಂಡು ಓಡಿದವಳು ಅವಳು. ಆಗ ಯಾರ ಮುಖವನ್ನೂ ನೋಡಲಿಲ್ಲ. ಅವಳಿಗೆ ಅದು ನೆನಪೇ ಇಲ್ಲ. ನನಗಿದೆ.

ನೀವು ಹೇಳಿದರೆ ಕೇಳುತ್ತಾಳೆ. ಹೇಳಿ.

ಏಳನೇ ಬೆಡ್ಡು ಆಗಲಾರದ
ಪಟಾಕಿ


ಮೇ 16

ಪ್ರಿಯ ಸಿಸ್ಟರ್,

ನಿನ್ನ ನಾದಿನಿ ನನಗೇನೂ ಬರೆದಿಲ್ಲ. ಸುಮ್ಮನೆ ಮೊದಲೇ ಹೇಳಿಬಿಟ್ಟೆ.

ಯೋಚಿಸಿ ನೋಡಿದೆ. ಅವಳಿಗೆ ಇದು ಎರಡನೆಯದು, ಮೊದಲನೆಯದು ಸುಸೂತ್ರ. ಪಟ್ಟಣದ ಡಾಕ್ಟರು ಪರೀಕ್ಷೆ ಮಾಡಿ "ಎಲ್ಲ ಸರಿಯಿದೆ, ಅಲ್ಲೇ ಹೆರಬಹುದು" ಎಂದು ಬರೆದುಕೊಟ್ಟರೆ, ಅಲ್ಲೇ ಹೆರಲಿ. ವ್ಯಾನು ಬಾಗಿಲಲ್ಲಿ ನಿಂತಿರಬೇಕು, ಡ್ರೈವರ್ ಅದರೊಳಗೇ ಇರಬೇಕು. ಸ್ವಲ್ಪ ಏರುಪೇರಾದರೂ ಹೊರಡಬೇಕು. ನಾನು ಪರದೆಯಲ್ಲಿ ಇರುತ್ತೇನೆ, ಯಾವ ಹೊತ್ತಾದರೂ ಸರಿ. ಇಷ್ಟಕ್ಕೆ ಒಪ್ಪದಿದ್ದರೆ ಕಳಿಸು, ನಾನು ಬೇಸರಪಡುವುದಿಲ್ಲ.

ಆದರೆ ಕಳಿಸುವುದು ಅವಳಿಗೆ ಒಳ್ಳೆಯದೆಂದೋ, ನಿನಗೆ ಸುಲಭವೆಂದೋ, ಅದನ್ನು ಮಾತ್ರ ಒಮ್ಮೆ ಕೇಳಿಕೋ. ಮಕ್ಕಳಿಗೆ ಜ್ವರ ಏರಿದಾಗ ಯಾರು ಎತ್ತಿಕೊಂಡು ಓಡುತ್ತಾರೆ ಎಂಬುದನ್ನೂ ಕೇಳಿಕೋ. ಇದು ನನಗೆ ತಾನಾಗಿ ಹೊಳೆದ ಮಾತು.

ನಾನು ಪರದೆಯಲ್ಲಿ ಇದ್ದರೂ ಬಾಯಿ ಹಾಕುವುದಿಲ್ಲ ಎಂದು ಮಾತು ಕೊಡಲು ಹೊರಟೆ. ಯಜಮಾನರು ಪಕ್ಕದಲ್ಲೇ ಇದ್ದರು. "ಆಗದ ಮಾತು ಕೊಡಬೇಡ. ನೀನು ಬಾಯಿ ಮುಚ್ಚಬೇಕಾದ್ರೆ ನೆಟ್‌ವರ್ಕೇ ಕೈಕೊಡಬೇಕು" ಎಂದರು. ಆದ್ದರಿಂದ ಮಾತು ಕೊಡುತ್ತಿಲ್ಲ.

ಡಾಕ್ಟರಮ್ಮ


ಜುಲೈ 29

ಡಾಕ್ಟರಮ್ಮ,

ಹೆರಿಗೆಯ ದಿನ ಪರದೆಯಲ್ಲಿ ಎಲ್ಲರೂ ಒಟ್ಟಿಗೆ ಕೂಗಾಡುತ್ತಿದ್ದರು, ಸರಿಯಾಗಿ ಹೇಳಲಾಗಲಿಲ್ಲ. ನಿಮ್ಮ ಚಿತ್ರ ಪಾಪ ಬಹಳ ಹೊತ್ತು ನಿಂತುಹೋಗಿತ್ತಲ್ಲ, ಏನೇನು ನೋಡಿದಿರೋ ಏನೇನು ತಪ್ಪಿತೋ. ಆದ್ದರಿಂದ ಮೊದಲಿನಿಂದ ಬರೆಯುತ್ತೇನೆ.

ನಿಮ್ಮ ಮಾತಿಗೆ ನಾನು ಒಪ್ಪಿದ್ದೆ, ಪಟ್ಟಣದ ಡಾಕ್ಟರ ಚೀಟಿಯೂ ಕೈಗೆ ಬಂದಿತ್ತಲ್ಲ. ಬೆಳಗಿನ ಟೀ ಹೊತ್ತಿಗೆ ಪಟಾಕಿ ತಾನೇ ನಡೆದುಕೊಂಡು ಬಂದಳು. "ಬಾಗಿಲು ತೆಗಿ ಅತ್ತಿಗೆ, ಉದ್ಘಾಟನೆ ಮಾಡ್ತೀನಿ" ಎಂದಳು. ಹೊಸ ಕೋಣೆಯಲ್ಲಿ ಇನ್ನೂ ಬಣ್ಣದ ವಾಸನೆ. ಕಾಂಪೌಂಡರ್ ಮಾವ ಫೋನನ್ನು ಕಿಟಕಿಯ ಸ್ಟ್ಯಾಂಡಿಗೆ ಸಿಕ್ಕಿಸಿ, ನೀವು ಕಂಡ ಕೂಡಲೇ ನಿಮಗೆ ಕೈಮುಗಿದು, ಹೊರಗೆ ಹೋಗಿ ವ್ಯಾನಿನ ಪಕ್ಕ ನಿಂತರು. ಮಧ್ಯಾಹ್ನದವರೆಗೆ ಎಲ್ಲವೂ ಪುಸ್ತಕದಲ್ಲಿದ್ದ ಹಾಗೆ. ನೋವಿನ ನಡುವೆಯೂ ಅವಳು ನನ್ನ ಕೈ ಹಿಡಿದು, ಅಣ್ಣನನ್ನೂ ಗಂಡನನ್ನೂ ಒಂದೇ ಉಸಿರಲ್ಲಿ ಬೈಯುತ್ತಿದ್ದಳು.

ಮಗುವಿನ ತಲೆ ಬಂದಾಗ ಕುತ್ತಿಗೆಗೆ ಹೊಕ್ಕುಳಬಳ್ಳಿ ಸುತ್ತಿತ್ತು. ಬಿಡಿಸಿದೆ. ಹೆಣ್ಣು ಮಗು. ಆದರೆ ಮೈ ಮೆತ್ತಗೆ, ಬಣ್ಣ ನೀಲಿ, ಅಳುವಿಲ್ಲ. ಬೆಚ್ಚಗಿನ ಬಟ್ಟೆಯಲ್ಲಿ ಒರೆಸಿದೆ, ಬೆನ್ನು ಉಜ್ಜಿದೆ. ಏನೂ ಇಲ್ಲ. "ಯಾಕೆ ಅಳ್ತಿಲ್ಲ ಅತ್ತಿಗೆ?" ಎಂದಳು. ಆ ದನಿ ಅವಳದೇ ಎಂದು ನನಗೆ ಅನ್ನಿಸಲಿಲ್ಲ, ಅಷ್ಟು ಸಣ್ಣಗಿತ್ತು. ಬಳ್ಳಿ ಕತ್ತರಿಸಿ ಮಗುವನ್ನು ಮೇಜಿಗೆ ತಂದು, ಮಾಸ್ಕ್ ಇಟ್ಟು ಒತ್ತಿದೆ.

ಎದೆ ಏಳಲಿಲ್ಲ.

ನಿಮಗೆ ಸುಳ್ಳು ಹೇಳುವುದಿಲ್ಲ, ಆಗ ಕೈ ಕಲ್ಲಾಯಿತು. ತಿರುಗಿ ನಿಮ್ಮನ್ನು ನೋಡಿದೆ. ನೀವು ಬೆರಳೆತ್ತಿ, ಕಣ್ಣು ಬಿಟ್ಟುಕೊಂಡು ಹಾಗೇ ನಿಂತುಹೋಗಿದ್ದಿರಿ. ಜನವರಿಯಲ್ಲಿ ಕೂತಿದ್ದ ಹಾಗೇ. "ಎದೆ ಏಳಲಿಲ್ಲ. ಈಗ ಏನ್ಮಾಡ್ತೀರಿ?" ಅದೇ ಪ್ರಶ್ನೆ. ಅದರ ಉತ್ತರ ನನಗೆ ಗೊತ್ತಿತ್ತಲ್ಲ.

ಈ ಕಡೆ ತಿರುಗಿದೆ. ಹೆಗಲ ಕೆಳಗೆ ಬಟ್ಟೆ ಮಡಿಸಿಟ್ಟೆ, ಕುತ್ತಿಗೆ ನೇರವಾಯಿತು. ಬಾಯಿ ಸ್ವಲ್ಪ ತೆರೆದು ಮಾಸ್ಕ್ ಮತ್ತೆ ಕೂರಿಸಿದೆ. ಒತ್ತಿದೆ. ಆ ಪುಟ್ಟ ಎದೆ ಎದ್ದಿತು, ಇಳಿಯಿತು. ಮತ್ತೆ ಒತ್ತಿದೆ, ಮತ್ತೆ ಎದ್ದಿತು. ಆಮೇಲೆ ನನಗೆ ಎದೆ ಬಿಟ್ಟರೆ ಏನೂ ಕಾಣಲಿಲ್ಲ. ತುಟಿ ಕೆಂಪಾಯಿತು, ಮುಖ ಸಿಂಡರಿಸಿತು, ಮಾಸ್ಕಿನ ಒಳಗಿಂದ ಬೆಕ್ಕಿನ ಮರಿಯ ಹಾಗೆ ಒಂದು ಸದ್ದು ಬಂತು. ಮಾಸ್ಕ್ ತೆಗೆದರೆ ಕಿರುಚಾಟ!

ಅತ್ತಿಗೆ ನಾದಿನಿ ಇಬ್ಬರೂ ಮಗುವಿಗಿಂತ ಜೋರಾಗಿ ಅತ್ತೆವು. ಮೊದಲು ಸುಧಾರಿಸಿಕೊಂಡವಳು ಅವಳೇ. "ನೋಡು, ಹುಟ್ಟಿದ ತಕ್ಷಣ ಅತ್ತೆಯನ್ನ ಹೆದರಿಸಿದ್ದಾಳೆ. ನನ್ನ ಮಗಳೇ, ಅನುಮಾನ ಇಲ್ಲ" ಎಂದಳು. ಹೊರಗೆ ಕಾಂಪೌಂಡರ್ ಮಾವ ಡ್ರೈವರನ್ನು ತಬ್ಬಿಕೊಂಡು ಅವನ ಟೋಪಿ ಬೀಳಿಸಿದ್ದರಂತೆ. ಆದರೂ ಮಗುವನ್ನು ಪಟ್ಟಣಕ್ಕೆ ಕರೆದೊಯ್ದು ತೋರಿಸಿಕೊಂಡು ಬಂದೆವು. ಎಲ್ಲ ಸರಿಯಿದೆ ಎಂದರು. ಚೆನ್ನಾಗಿ ಹಾಲು ಕುಡಿಯುತ್ತಿದ್ದಾಳೆ, ಬೀದಿಯ ಕೊನೆಯವರೆಗೆ ಕೇಳಿಸುವ ಹಾಗೆ ಅಳುತ್ತಿದ್ದಾಳೆ.

ನಾನು ಮತ್ತೆ ನಿಮ್ಮ ಕಡೆ ನೋಡುವಷ್ಟರಲ್ಲಿ ಲೈನು ಸರಿಹೋಗಿತ್ತು. ನೀವು ಮೂಗು ಒರೆಸಿಕೊಳ್ಳುತ್ತಿದ್ದಿರಿ. ನೆಗಡಿಯೇ?

ನಿಮ್ಮ
ಸಿಸ್ಟರ್


ಆಗಸ್ಟ್ 18

ಪ್ರಿಯ ಸಿಸ್ಟರ್,

ನೆಗಡಿಯಲ್ಲ.

ಮೂರು ಶುಕ್ರವಾರ ಪಾಠ ಮಾಡಿದೆ, ಪರದೆಯಲ್ಲಿ ನಿನ್ನ ಮುಖ ನೋಡಿ ಹೇಳಲಾಗಲಿಲ್ಲ. ಕೆಮ್ಮಿನ ಬಗ್ಗೆ, ಗುಳ್ಳೆಯ ಬಗ್ಗೆ ಏನೇನೋ ಹೇಳಿ ಮುಗಿಸಿದೆ. ಪೆಟ್ಟಿಗೆಯಲ್ಲೇ ಹೇಳುವ ಮಾತು ಇದು. ಓದಿ ಮುಗಿಸುವವರೆಗೆ ಬೈಯಬೇಡ.

ಅಂದು ನನ್ನ ಚಿತ್ರ ನಿಂತಿರಲಿಲ್ಲ. ಲೈನು ಚೆನ್ನಾಗಿಯೇ ಇತ್ತು. ಮಗುವಿನ ಕುತ್ತಿಗೆ ಬಾಗಿರುವುದು ಕಂಡಿತು. "ಕುತ್ತಿಗೆ ಸರಿಮಾಡು" ಎಂಬ ಮಾತು ನಾಲಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ನೀನು ತಿರುಗಿ ನನ್ನ ಮುಖ ನೋಡಿದೆ. ಈಗ ನಾನು ಹೇಳಿದರೆ ಈ ಹುಡುಗಿ ಜೀವಮಾನವಿಡೀ ಒಂದು ಮುಖ ಹುಡುಕುತ್ತಾಳೆ, ನಾನು ಇನ್ನೆಷ್ಟು ವರ್ಷ ಇರುತ್ತೇನೆ ಎನ್ನಿಸಿತು. ಬೆರಳೆತ್ತಿ, ಉಸಿರು ಬಿಗಿಹಿಡಿದು, ಕಲ್ಲಿನ ಹಾಗೆ ಕೂತುಬಿಟ್ಟೆ. ಐದು ಎಣಿಸುತ್ತೇನೆ, ಅಷ್ಟರಲ್ಲಿ ಇವಳಿಗೆ ಹೊಳೆಯದಿದ್ದರೆ ಕಿರುಚುತ್ತೇನೆ ಎಂದುಕೊಂಡೆ. ಮೂರಕ್ಕೆ ನಿನ್ನ ಕೈ ಬಟ್ಟೆಗೆ ಹೋಯಿತು.

ಆ ಮೂರು ಎಣಿಸುವಷ್ಟು ಹೊತ್ತು ನನಗೆ ಇಡೀ ನೌಕರಿಗಿಂತ ಉದ್ದವಾಗಿತ್ತು. ಆಮೇಲೂ ಅಲ್ಲಾಡಲಿಲ್ಲ, ನೀನು ಮತ್ತೆ ತಿರುಗಿದರೆ ಎಂದು. ಯಜಮಾನರು ಟೀ ಹಿಡಿದು ಬಾಗಿಲಿಗೆ ಬಂದವರು ನನ್ನನ್ನು ಕಂಡು ಪಾರ್ಶ್ವವಾಯು ಹೊಡೆದಿದೆ ಎಂದು ಗಾಜಿನ ಲೋಟ ಬೀಳಿಸಿ ಒಡೆದರು. ನೀನು ತಿರುಗಲೇ ಇಲ್ಲ. ಮಗು ಅಳುವವರೆಗೂ ನನಗೆ ಕಂಡದ್ದು ನಿನ್ನ ಬೆನ್ನು ಮಾತ್ರ. ಎಷ್ಟೋ ವಿದ್ಯಾರ್ಥಿಗಳ ಮುಖ ನೋಡಿ ಹೆಮ್ಮೆಪಟ್ಟಿದ್ದೇನೆ, ಒಂದು ಬೆನ್ನು ನೋಡಿ ಅತ್ತದ್ದು ಅದೇ ಮೊದಲು.

ನಿನಗೆ ಮೋಸ ಮಾಡಿದೆನಲ್ಲ ಎಂಬುದು ಮನಸ್ಸನ್ನು ಕೊರೆಯುತ್ತಿದೆ. ನಿಮ್ಮ ಮನೆಯ ಮಗುವಿನ ವಿಷಯದಲ್ಲಿ ಹೀಗೆ ಮಾಡುವ ಹಕ್ಕು ನನಗಿತ್ತೇ ಗೊತ್ತಿಲ್ಲ. ಸಿಟ್ಟು ಬಂದಿದ್ದರೆ ಬೈದು ಬರೆ. ಬರೆಯದೆ ಮಾತ್ರ ಇರಬೇಡ.

ಡಾಕ್ಟರಮ್ಮ


ಸೆಪ್ಟೆಂಬರ್ 10

ಪ್ರೀತಿಯ ಡಾಕ್ಟರಮ್ಮ,

ನನಗೆ ಗೊತ್ತಿತ್ತು.

ನಿಮ್ಮ ಹಿಂದೆ ಫ್ಯಾನ್ ತಿರುಗುತ್ತಿತ್ತು. ಜನವರಿಯಲ್ಲಿ ಅದರ ರೆಕ್ಕೆ ಎಣಿಸಿದವರು ನಾವು, ಮರೆಯುತ್ತೇವೆಯೇ? ಬೆರಳು ಬೇರೆ ಸ್ವಲ್ಪ ನಡುಗುತ್ತಿತ್ತು. ಕಣ್ಣಲ್ಲಿ ನೀರು ತುಂಬಿ ಕೆಳಗಿಳಿಯುತ್ತಿತ್ತು. ನಿಂತುಹೋದ ಚಿತ್ರದಲ್ಲಿ ಕಣ್ಣೀರು ಇಳಿಯುವುದಿಲ್ಲ ಡಾಕ್ಟರಮ್ಮ.

ಮೋಸ ಎನ್ನಬೇಡಿ. ಆ ಕ್ಷಣ ನನಗೆ ಏನನ್ನಿಸಿತು ಹೇಳುತ್ತೇನೆ. ಇವರು ಎಲ್ಲವನ್ನೂ ನೋಡುತ್ತಿದ್ದಾರೆ, ಎದೆ ಏಳದೆ ಇರುವುದೂ ಕಂಡಿದೆ, ಆದರೂ ಬಾಯಿ ಬಿಡುತ್ತಿಲ್ಲ. ನನಗೆ ಉತ್ತರ ಗೊತ್ತಿಲ್ಲದಿದ್ದರೆ ಇವರು ಸುಮ್ಮನಿರುವ ಪೈಕಿಯೇ ಅಲ್ಲ. ಬಾಯಿ ಮುಚ್ಚಿದ್ದಾರೆ ಎಂದ ಮೇಲೆ ನನಗೆ ಗೊತ್ತೇ ಇದೆ. ಅಷ್ಟು ದೊಡ್ಡ "ಹೂಂ" ಅನ್ನು ನನಗೆ ಈವರೆಗೆ ಯಾರೂ ಹೇಳಿರಲಿಲ್ಲ. ಇನ್ನೊಂದು ಕೇಳುವ ಅಗತ್ಯವಿಲ್ಲ ಎನ್ನಿಸಿತು, ಅದಕ್ಕೇ ಆಮೇಲೆ ತಿರುಗಲಿಲ್ಲ. ಹೋದ ಕಾಗದದಲ್ಲಿ ಇದನ್ನು ಹೇಳದೆ ನಾಟಕ ಮುಂದುವರಿಸಿದ್ದು ನಿಮ್ಮನ್ನು ಪೀಡಿಸಲು. ಪಟಾಕಿಯ ಸಹವಾಸ.

ಮಗು ದುಂಡಗಾಗಿದ್ದಾಳೆ. ಏನಾದರೂ ಬೇಕಾದರೆ ಅಳುವ ಮೊದಲು ಬೆರಳೊಂದನ್ನು ಎತ್ತುತ್ತಾಳೆ. ಎಲ್ಲ ಮಕ್ಕಳೂ ಎತ್ತುತ್ತಾರೆ ಎಂದರೆ ಮನೆಯಲ್ಲಿ ಯಾರೂ ಒಪ್ಪುವುದಿಲ್ಲ. "ಡಾಕ್ಟರಮ್ಮ ಪಾಠ ಶುರು ಮಾಡಿದ್ರು" ಎಂದು ಎಲ್ಲರೂ ಕೈಕಟ್ಟಿ ಕೂರುತ್ತಾರೆ. ನಿಮ್ಮ ಯಜಮಾನರ ಲೋಟಕ್ಕೆ ಬದಲು ಒಂದು ಮರದ ಲೋಟ ಪೆಟ್ಟಿಗೆಯಲ್ಲಿದೆ. ನಮ್ಮ ಮನೆಯವರು ಕಡೆದದ್ದು, ಬಿದ್ದರೂ ಒಡೆಯುವುದಿಲ್ಲ. ನಿಮ್ಮ ಜೊತೆ ಇರುವವರಿಗೆ ಅದೇ ಸರಿ ಎಂದರು.

ಇನ್ನೊಂದು ಸುದ್ದಿ. ಗುಡ್ಡದಾಚೆಯ ಕ್ಲಿನಿಕ್ಕಿನಲ್ಲೂ ಹೆರಿಗೆ ಕೋಣೆ ತೆರೆಯುತ್ತಾರಂತೆ. ಅಲ್ಲಿಯ ಇಬ್ಬರು ನರ್ಸುಗಳಿಗೆ ಪಾಠ ಹೇಳಲು ಆರೋಗ್ಯಾಧಿಕಾರಿಗಳು ನನ್ನನ್ನು ಕೇಳಿದರು. ಒಪ್ಪಿಕೊಂಡೆ. ಹೋಗಿ ಬರಲು ದಾರಿಯಿಲ್ಲ, ಆದ್ದರಿಂದ ಮಂಗಳವಾರ ಮಧ್ಯಾಹ್ನ ಇದೇ ಫೋನಿನಲ್ಲಿ. ಇಬ್ಬರಲ್ಲಿ ಚಿಕ್ಕವಳ ಕೈ ಬಂಗಾರ. ಆದರೆ ಬ್ಯಾಗ್ ಹಿಡಿದರೆ ಸಾಕು, ಒಂದೊಂದು ಸಲ ಒತ್ತಿದಾಗಲೂ ತಲೆಯೆತ್ತಿ ನನ್ನ ಮುಖ ನೋಡುತ್ತಾಳೆ.

ಗೊಂಬೆಯ ಪಾಠದಲ್ಲಿ ನಾನೂ ಪ್ರಶ್ನೆ ಕೇಳಿ, ಬೆರಳೆತ್ತಿ, ಅಲ್ಲಾಡದೆ ಕೂರುತ್ತೇನೆ. ಅದಕ್ಕೆ ಮೊದಲು ಎದ್ದು ಹೋಗಿ ಫ್ಯಾನ್ ಆರಿಸಿ ಬರುತ್ತೇನೆ. ನೀವೂ ಇನ್ನು ಮೇಲೆ ಅದನ್ನು ಮರೆಯಬೇಡಿ.

ನಿಮ್ಮ
ಮಂಗಳವಾರದ ಟೀಚರಮ್ಮ